ಚಾರ್ಟರ್ ಬೋಟಿನಲ್ಲಿ ಸಿಬ್ಬಂದಿ ಗಾಳ ಹಾಕೋದು ಹೇಗೆ, ಯಾವಾಗ

ಚಾರ್ಟರ್ ಬೋಟಿಗೆ, ಅಂದರೆ ದುಡ್ಡು ಕೊಟ್ಟ ಗಿರಾಕಿಗಳನ್ನು ಮೀನು ಹಿಡಿಯೋಕೆ ಕರೆದುಕೊಂಡು ಹೋಗುವ ಬಾಡಿಗೆ ಬೋಟಿಗೆ, ಕೆಲಸಕ್ಕೆ ಸೇರಿದ ಹುಡುಗರು ಮೊದಲು ಕೇಳೋದು ಇದನ್ನೇ: ನಾನೂ ಒಂದು ಗಾಳ ಹಾಕಬಹುದಾ? ಹಾಕಬಹುದು. ಆದರೆ ಎಲ್ಲಿ ನಿಂತು, ಯಾವಾಗ, ಸಿಕ್ಕ ಮೀನು ಯಾರ ಪೆಟ್ಟಿಗೆಗೆ ಅನ್ನೋದು ಮೊದಲೇ ಗೊತ್ತಿರಬೇಕು. ಗಿರಾಕಿ ದುಡ್ಡು ಕೊಟ್ಟಿರೋದು ಬೋಟಿನಲ್ಲಿ ಜಾಗಕ್ಕೆ ಮಾತ್ರ ಅಲ್ಲ, ನಿಮ್ಮ ಕೈಗೆ, ನಿಮ್ಮ ಕಣ್ಣಿಗೂ ಸೇರಿಸಿ. ನೀವು ರಾಡ್ ಹಿಡಿದ ತಕ್ಷಣ ಅವೆರಡೂ ಬೇರೆ ಕಡೆ ಹೋಗುತ್ತವೆ, ಅದನ್ನು ಗಿರಾಕಿ ಬೇಗ ಗಮನಿಸುತ್ತಾನೆ.

ಮೊದಲು ಕ್ಯಾಪ್ಟನ್ನನ್ನು ಕೇಳಿ. ದಡ ಬಿಡುವ ಮುಂಚೆ ಕೇಳಿ, ಗಿರಾಕಿಗಳ ಎದುರಿಗೆ ಬೇಡ. ಕೆಲವು ಬೋಟುಗಳಲ್ಲಿ ಸಿಬ್ಬಂದಿ ಗಾಳ ಮುಟ್ಟಲೇಬಾರದು. ಇನ್ನು ಕೆಲವು ಕಡೆ ಹಾಕು ಅಂತ ಕ್ಯಾಪ್ಟನ್ನೇ ಹೇಳುತ್ತಾರೆ, ಅದಕ್ಕೆ ಕಾರಣವೂ ಇದೆ. ನೀರಿನಡಿ ಏನಿದೆ ಅಂತ ಪರದೆಯಲ್ಲಿ ತೋರಿಸುವ ಫಿಶ್ ಫೈಂಡರಿನಲ್ಲಿ ಮೀನಿನ ಗುಂಪು ಕಾಣುತ್ತದೆ, ನಿಜ. ಆದರೆ ಅದು ಯಾವ ಮೀನು, ಎಷ್ಟು ಆಳದಲ್ಲಿ ಕಚ್ಚುತ್ತಿದೆ, ಇವತ್ತು ಯಾವ ಎರೆಗೆ ಮನಸ್ಸು ಮಾಡಿದೆ ಅನ್ನೋದು ಒಂದು ಗಾಳ ಕೆಳಗಿಳಿಸಿದ ಮೇಲೇ ಗೊತ್ತಾಗೋದು. ಅಂಥ ಹೊತ್ತಿನಲ್ಲಿ ನೀವು ಗಾಳ ಹಾಕಿದರೆ ಅದು ಕೆಲಸವೇ. ಒಂದು ಮೀನು ಕಚ್ಚಿತಾ? 'ಎಲ್ಲರೂ ಕೇಳಿ, 60 ಅಡಿಯಲ್ಲಿ ಕಚ್ತಾ ಇದೆ, ತಳಕ್ಕೆ ಬಿಡಬೇಡಿ' ಅಂತ ಜೋರಾಗಿ ಹೇಳಿ. ಆಮೇಲೆ ನಿಮ್ಮ ದಾರ ಸುತ್ತಿ ರಾಡ್ ಒಳಗಿಡಿ. ವಿಷಯ ಗೊತ್ತಾದ ಮೇಲೂ ಇನ್ನೊಂದು, ಮತ್ತೊಂದು ಅಂತ ಎಳೆಯುತ್ತಾ ನಿಂತರೆ ಅದು ನಿಮ್ಮ ಚಟ, ಕೆಲಸ ಅಲ್ಲ.

ಯಾವಾಗ ಹಾಕಬಾರದು ಅನ್ನೋದು ಸುಲಭ. ಒಬ್ಬರ ಗಾಳದಲ್ಲಿ ಎರೆ ಇಲ್ಲ ಅಂದರೂ ಬೇಡ. ಎಲ್ಲೋ ಎರಡು ದಾರ ಸಿಕ್ಕು ಬಿದ್ದಿದ್ದರೆ ಬೇಡ. ಯಾರಿಗೋ ವಾಂತಿ ಬರುತ್ತಿದ್ದರೆ ಮೊದಲು ನೀರು ಕೊಡಿ, ಗಾಳಿ ಬೀಸುವ ದಿಕ್ಕು ನೋಡಿ ಸರಿಯಾದ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿ. ಮತ್ತೆ, ಯಾರದ್ದಾದರೂ ರಾಡ್ ಬಾಗಿತು ಅಂದರೆ ನಿಮ್ಮ ದಾರ ಮೇಲೆ ಬರಬೇಕು. ಹೋಲ್ಡರಿಗೆ ಸಿಕ್ಕಿಸಿ ಓಡಿಹೋಗೋದಲ್ಲ, ಪೂರ್ತಿ ಸುತ್ತಿ. ದೊಡ್ಡ ಮೀನು ಬೋಟಿನ ಸುತ್ತ ಒಂದು ಸುತ್ತು ಹೊಡೆಯುತ್ತದೆ, ದಾರಿಯಲ್ಲಿ ಸಿಕ್ಕ ದಾರಗಳನ್ನೆಲ್ಲ ಹೆಣೆದುಕೊಂಡು ಬರುತ್ತದೆ. ಆ ಸಿಕ್ಕಿನಲ್ಲಿ ನಿಮ್ಮದೂ ಒಂದು ದಾರ ಇದ್ದು ಮೀನು ತಪ್ಪಿಸಿಕೊಂಡಿತು ಅಂತಿಟ್ಟುಕೊಳ್ಳಿ. ತಪ್ಪು ನಿಮ್ಮದಲ್ಲದಿದ್ದರೂ ನಿಮ್ಮದೇ.

ಜಾಗದ ವಿಷಯ. ಬೋಟು ಲಂಗರು ಹಾಕಿ ನಿಂತಾಗ ಸಾಮಾನ್ಯವಾಗಿ ನೀರಿನ ಸೆಳೆತ ಮುಂದಿನಿಂದ ಹಿಂದಕ್ಕೆ, ದಾರಗಳೂ ಹಿಂದಕ್ಕೇ ಹೋಗುತ್ತವೆ. ಅದಕ್ಕೇ ಹಿಂಭಾಗಕ್ಕೆ ಅಷ್ಟು ಬೇಡಿಕೆ, ಗಿರಾಕಿಗಳು ಬೆಳಗ್ಗೆಯೇ ಬಂದು ಅಲ್ಲಿ ರಾಡ್ ಇಟ್ಟು ಜಾಗ ಹಿಡಿಯುತ್ತಾರೆ. ನೀವು ಅಲ್ಲಿ ಕಾಲೇ ಇಡಬೇಡಿ. ಲಂಗರು ಹಾಕದೆ ಗಾಳಿಗೆ ತೇಲುತ್ತಿದ್ದರೆ ಲೆಕ್ಕ ಬೇರೆ: ಗಾಳಿ ಬಂದು ಬಡಿಯುವ ಬದಿಯಲ್ಲಿ ದಾರ ಬೋಟಿನಿಂದ ದೂರ ಹರಡಿಕೊಳ್ಳುತ್ತದೆ, ಎದುರು ಬದಿಯವರ ದಾರ ಬೋಟಿನ ಅಡಿಗೆ ನುಗ್ಗುತ್ತದೆ. ಒಳ್ಳೆಯ ಬದಿ ಗಿರಾಕಿಗೆ, ಯಾರೂ ಬೇಡ ಅಂದ ಮೂಲೆ ನಿಮಗೆ. ಸೀಸದ ತೂಕ ಎಲ್ಲರದ್ದೂ ಎಷ್ಟಿದೆಯೋ ನಿಮ್ಮದೂ ಅಷ್ಟೇ ಇರಲಿ. ಹಗುರ ಸೀಸ ಹಾಕಿದರೆ ನಿಮ್ಮ ದಾರ ಸೆಳೆತಕ್ಕೆ ಅಡ್ಡಡ್ಡ ಹೋಗಿ ಪಕ್ಕದ ನಾಲ್ಕು ಜನರ ದಾರ ಸುತ್ತುತ್ತದೆ. ಜೀವಂತ ಎರೆ ಇದ್ದರೆ ತೊಟ್ಟಿಯಲ್ಲಿ ಚುರುಕಾಗಿ ಓಡಾಡುವ ಮೀನನ್ನು ಹುಡುಕಿ ನಿಮ್ಮ ಗಾಳಕ್ಕೆ ಸಿಕ್ಕಿಸಬೇಡಿ. ಯಾರೂ ನೋಡಲ್ಲ ಅಂದುಕೊಂಡಿದ್ದೀರಾ? ತೊಟ್ಟಿಯ ಸುತ್ತ ನಿಂತವರೆಲ್ಲ ನೋಡುತ್ತಿರುವುದು ಅದನ್ನೇ.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ: ನಿಮ್ಮ ಗಾಳಕ್ಕೆ ಕಚ್ಚಿದ ಮೀನನ್ನು ಗಿರಾಕಿಯ ಕೈಗೆ ಕೊಡೋದು. ಬಹಳ ಸಿಬ್ಬಂದಿ ಇದನ್ನು ದೊಡ್ಡ ಉಪಕಾರ ಅಂದುಕೊಂಡಿದ್ದಾರೆ. ಮಕ್ಕಳಿಗೆ, ಮೊದಲ ಸಲ ಬಂದವರಿಗೆ ಖುಷಿಯಾಗುತ್ತದೆ, ಅನುಮಾನ ಇಲ್ಲ. ಆದರೆ ವರ್ಷಗಟ್ಟಲೆ ಗಾಳ ಹಾಕಿದ ಮನುಷ್ಯನಿಗೆ ಬೇರೆಯವರು ಕಚ್ಚಿಸಿದ ಮೀನು ಬೇಡ. ಕೇಳದೆ ರಾಡ್ ಕೈಗಿಟ್ಟರೆ ಮುಖ ಗಂಟಿಕ್ಕುತ್ತಾರೆ, ಮತ್ತೆ ಆ ಬೋಟಿನ ಕಡೆ ತಲೆ ಹಾಕುವುದಿಲ್ಲ. ನನ್ನ ಪ್ರಕಾರ ನೀವೇ ಮೀನು ಎಳೆದುಕೊಳ್ಳೋದಕ್ಕಿಂತ ಇದು ಕೆಟ್ಟದ್ದು. ಹಾಗಾಗಿ ಬೆಳಗ್ಗೆಯೇ ಒಂದು ಮಾತು ಕೇಳಿಬಿಡಿ: 'ಸರ್, ನನ್ನ ಗಾಳಕ್ಕೆ ಏನಾದರೂ ಕಚ್ಚಿದರೆ ನೀವು ಎಳೀತೀರಾ, ಇಲ್ಲ ನಿಮ್ಮದೇ ನೋಡ್ಕೋತೀರಾ?' ಹೂಂ ಅಂದವರಿಗೆ ಮಾತ್ರ ಕೊಡಿ. ಕೊಡುವಾಗ ದಾರ ಸಡಿಲ ಬಿಡಬೇಡಿ. ರಾಡಿನ ಬುಡ ಅವರ ಹೊಟ್ಟೆಗೆ ಆನಿಸಿ, ಅವರ ಎಡಗೈ ಸರಿಯಾಗಿ ಹಿಡಿತಕ್ಕೆ ಬಂತಾ ನೋಡಿ, ಆಮೇಲೆ ನಿಮ್ಮ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿಯಿರಿ. ಅಲ್ಲೇ ನಿಂತು ರಾಡ್ ಎತ್ತಿ ಇಳಿಸಿ ಮಾಡಬೇಡಿ. ಫೋಟೋ ತೆಗೆಯುವಾಗ 'ನಾನೇ ಕಚ್ಚಿಸಿದ್ದು' ಅಂತ ಹೇಳೋದಂತೂ ಬೇಡವೇ ಬೇಡ.

ದಾಖಲೆ ಮೀನಿನ ಆಸೆ ಇರುವ ಗಿರಾಕಿ ಆದರೆ ಇನ್ನೂ ಹುಷಾರು. ವಿಶ್ವ ದಾಖಲೆಗಳನ್ನು ಇಡುವ ಐಜಿಎಫ್‌ಎ ಅನ್ನೋ ಸಂಸ್ಥೆ 1939ರಿಂದ ಇದೆ. ಅದರ ನಿಯಮದಲ್ಲಿ ಮೀನನ್ನು ಕಚ್ಚಿಸೋದು, ಎಳೆಯೋದು ಎರಡನ್ನೂ ಗಾಳ ಹಾಕಿದವರೇ ಮಾಡಬೇಕು. ಮೀನು ಎಳೆಯುವಾಗ ಬೇರೆಯವರು ರಾಡ್, ರೀಲ್, ದಾರ ಮುಟ್ಟಿದರೆ ಆ ಮೀನು ದಾಖಲೆಗೆ ಇಲ್ಲ. ಕೊನೆಗೆ ಲೀಡರ್ (ಗಾಳಕ್ಕೆ ಕಟ್ಟಿದ ಕೊನೆಯ ತುಂಡು ದಾರ) ಹತ್ತಿರ ಬಂದಾಗ ಅದನ್ನು ಹಿಡಿಯೋದು, ಕೊಕ್ಕೆ ಹಾಕೋದು ನಿಮ್ಮ ಕೆಲಸ, ಅದಕ್ಕೆ ಅಡ್ಡಿಯಿಲ್ಲ. ಸುಸ್ತಾದ ಗಿರಾಕಿ 'ಸ್ವಲ್ಪ ಹಿಡ್ಕೊಳ್ಳಪ್ಪ' ಅಂದರೂ ರಾಡ್ ಮುಟ್ಟುವ ಮುಂಚೆ 'ನಾನು ಮುಟ್ಟಿದರೆ ದಾಖಲೆಗೆ ಬರಲ್ಲ, ಪರವಾಗಿಲ್ವಾ?' ಅಂತ ಕೇಳಿ.

ಮೀನು ಯಾರದ್ದು? ಬಹುತೇಕ ಬೋಟುಗಳಲ್ಲಿ ಸಿಬ್ಬಂದಿ ಹಿಡಿದದ್ದು ಗಿರಾಕಿಗಳಿಗೇ ಹೋಗುತ್ತದೆ, ಅದರಲ್ಲೂ ಏನೂ ಸಿಗದೆ ಪೆಚ್ಚಾಗಿ ನಿಂತವರಿಗೆ. ಕೊಡುವಾಗ ಸದ್ದು ಮಾಡಬೇಡಿ, ಸುಮ್ನೆ ಅವರ ಪೆಟ್ಟಿಗೆಗೆ ಹಾಕಿ. ಆದರೆ ಕಾನೂನು ನೋಡಿಕೊಂಡು. ಒಬ್ಬರಿಗೆ ಇಷ್ಟೇ ಮೀನು ಅನ್ನುವ ಮಿತಿ ಇರುವ ಕಡೆ ಸಿಬ್ಬಂದಿಯ ಲೆಕ್ಕ ಬೇರೆಯೇ ಇರಬಹುದು. ಉದಾಹರಣೆಗೆ ಮೆಕ್ಸಿಕೋ ಕೊಲ್ಲಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವ್ಯಾಪ್ತಿಯ (ಫೆಡರಲ್) ನೀರಿನಲ್ಲಿ ರೆಡ್ ಸ್ನ್ಯಾಪರ್ ಅನ್ನೋ ಮೀನು ಹಿಡಿಯೋಕೆ ಹೋದರೆ, ಬಾಡಿಗೆ ಬೋಟಿನ ಕ್ಯಾಪ್ಟನ್ ಮತ್ತು ಸಿಬ್ಬಂದಿಗೆ ಇಟ್ಟುಕೊಳ್ಳುವ ಮಿತಿ 0. ಇಲ್ಲದಿದ್ದರೆ ಸಿಬ್ಬಂದಿಯ ಪಾಲೂ ಗಿರಾಕಿಗಳ ಪೆಟ್ಟಿಗೆ ಸೇರಿ ಪ್ರತಿ ಟ್ರಿಪ್ಪಿಗೂ ಜಾಸ್ತಿ ಮೀನು ದಡಕ್ಕೆ ಬರುತ್ತದೆ, ಅಲ್ವಾ? ನೀವು ಕೆಲಸ ಮಾಡುವ ಕಡೆಯ ನಿಯಮವನ್ನು ಕ್ಯಾಪ್ಟನ್ ಹತ್ತಿರ ಕೇಳಿ ತಿಳಿದುಕೊಳ್ಳಿ, ಪಕ್ಕದ ಬೋಟಿನವನ ಮಾತು ನಂಬಬೇಡಿ. ದೊಡ್ಡ ಮೀನಿಗೆ ಎಲ್ಲರೂ ದುಡ್ಡು ಹಾಕಿ ಪಂದ್ಯ ಕಟ್ಟಿದ್ದರೆ ನಿಮ್ಮ ಗಾಳಕ್ಕೆ ಕಚ್ಚಿದ್ದು ಅದರಲ್ಲಿ ಬರಬಾರದು, ನೀವು ಕಚ್ಚಿಸಿ ಬೇರೆಯವರ ಕೈಗೆ ಕೊಟ್ಟದ್ದೂ ಬರಬಾರದು. ದುಡ್ಡು ಸಂಗ್ರಹಿಸುವಾಗಲೇ ಇದನ್ನು ಎಲ್ಲರಿಗೂ ಹೇಳಿ. ಮೀನು ತೂಗಿದ ಮೇಲೆ ಹೇಳಿದರೆ ಜಗಳ.

ಯಾರಿಗೂ ಸಿಗುತ್ತಿಲ್ಲ, ನಿಮಗೆ ಮಾತ್ರ ಸಿಗುತ್ತಿದೆ ಅನ್ನೋ ದಿನವೂ ಬರುತ್ತದೆ. ಆಗ ರಾಡ್ ಕೆಳಗಿಟ್ಟು ಅವರ ಕೈ ನೋಡಿ. ಹೆಚ್ಚಾಗಿ ಏನಾಗಿರುತ್ತದೆ ಅಂದರೆ, ಸೀಸ ತಳ ಮುಟ್ಟಿದ್ದು ಅವರಿಗೆ ಗೊತ್ತೇ ಆಗಿರುವುದಿಲ್ಲ, ದಾರ ಬಿಡ್ತಾನೇ ಇರುತ್ತಾರೆ, ಎರೆ ಮಣ್ಣಿನಲ್ಲಿ ಬಿದ್ದಿರುತ್ತದೆ, ಮೀನು ಮುಟ್ಟಿದರೂ ಸಡಿಲ ದಾರದಲ್ಲಿ ಕೈಗೆ ತಿಳಿಯುವುದಿಲ್ಲ. 'ದಾರ ಸಡಿಲ ಆಯ್ತಲ್ವಾ, ಅದೇ ತಳ. ಈಗ ರೀಲ್ ಎರಡು ಸುತ್ತು ಎತ್ತಿ, ಅಲ್ಲೇ ಬಿಡಿ' ಅಂತ ಪಕ್ಕದಲ್ಲಿ ನಿಂತು ಒಮ್ಮೆ ತೋರಿಸಿ. ನೀವು ಹಿಡಿದು ಕೊಡುವ ಹತ್ತು ಮೀನಿಗಿಂತ ಹೀಗೆ ಅವರೇ ಹಿಡಿದ ಒಂದು ಮೀನಿಗೆ ಬೆಲೆ ಜಾಸ್ತಿ, ಟಿಪ್ಸ್ ಕೂಡ.

ಗಿರಾಕಿಗಳೇ 'ನೀನೂ ಹಾಕಪ್ಪ' ಅಂದರೆ ಸಂತೋಷವಾಗಿ ಹಾಕಿ, ಐಸ್ ಹಾಕೋ ಕೆಲಸ ಬಾಕಿ ಉಳಿಸಿಕೊಳ್ಳಬೇಡಿ ಅಷ್ಟೇ. ಯಾರಾದರೂ 'ನೀನು ನಮಗಿಂತ ಜಾಸ್ತಿ ಹಿಡೀತಿದ್ದೀಯ' ಅಂತ ನಗುತ್ತಾ ಹೇಳಿದರೂ ಅದನ್ನು ದೂರು ಅಂತಲೇ ತೆಗೆದುಕೊಳ್ಳಿ. ವಾದ ಬೇಡ, ಸಮಜಾಯಿಷಿಯೂ ಬೇಡ. ರಾಡ್ ಒಳಗಿಟ್ಟು ಬಂದು ಅವರ ಗಾಳಕ್ಕೆ ಹೊಸ ಎರೆ ಸಿಕ್ಕಿಸಿ ಕೊಡಿ.