ದ್ವೀಪಗಳ ವ್ಯಾಪಾರ: ಸೆಮಿನಾರಿಗೆ ಮೊದಲು ಲೆಕ್ಕ ಹಾಕುವ ಕ್ರಮ

ಸಣ್ಣ ದ್ವೀಪಗಳ ವ್ಯಾಪಾರ ಒಕ್ಕೂಟ ಅಂತ ಸೆಮಿನಾರ್ ವಿಷಯ ಹಿಡಿದು ಬರುವ ಪದವಿ ಮಕ್ಕಳಿಗೆ ನನ್ನದು ಒಂದೇ ಪ್ರಶ್ನೆ: ಭಾಷಣ ಆಮೇಲೆ, ಲೆಕ್ಕ ಎಲ್ಲಿ? ಕುಮಟೆಯ ನಮ್ಮ ತರಗತಿಯಲ್ಲಿ ನಾನು ಹೇಳಿಕೊಡುವ ಕ್ರಮ ಇದು.

ನಾಲ್ಕು ಮನೆಯ ಒಂದು ಕೋಷ್ಟಕ ಹಾಕಿ. 1817ರಲ್ಲಿ ಅರ್ಥಶಾಸ್ತ್ರಜ್ಞ ರಿಕಾರ್ಡೊ ಕೊಟ್ಟ ಅಂಕಿಗಳೇ ಸಾಕು. ನಿಗದಿತ ಬಟ್ಟೆಗೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಆಳು, ಪೋರ್ಚುಗಲ್ಲಿನಲ್ಲಿ 90. ವೈನಿಗೆ ಇಂಗ್ಲೆಂಡಿನಲ್ಲಿ 120, ಪೋರ್ಚುಗಲ್ಲಿನಲ್ಲಿ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಹಾಗಂತ "ಪೋರ್ಚುಗಲ್ಲೇ ಎರಡನ್ನೂ ಮಾಡಲಿ" ಎಂದು ಬರೆದರೆ ನಾನು ಅಂಕ ಕೊಡುವುದಿಲ್ಲ. ಒಂದು ದೇಶವನ್ನು ಇನ್ನೊಂದರ ಜೊತೆ ಹೋಲಿಸುವ ಮೊದಲು ಆಯಾ ದೇಶದೊಳಗೇ ಭಾಗಿಸಿ. ಒಂದು ಪಾಲು ವೈನಿಗಾಗಿ ಪೋರ್ಚುಗಲ್ ಬಿಟ್ಟುಕೊಡುವ ಬಟ್ಟೆ 80/90, ಅಂದರೆ 0.89. ಇಂಗ್ಲೆಂಡ್ ಬಿಟ್ಟುಕೊಡುವುದು 120/100, ಅಂದರೆ 1.2. ಆದ್ದರಿಂದ ವೈನ್ ಪೋರ್ಚುಗಲ್ಲಿಗೆ, ಬಟ್ಟೆ ಇಂಗ್ಲೆಂಡಿಗೆ. ಒಂದು ಪಾಲು ವೈನಿಗೆ ಎಷ್ಟು ಬಟ್ಟೆ ಎಂಬ ವಿನಿಮಯ ದರ ಈ ಎರಡರ ನಡುವೆ ಎಲ್ಲಿ ನಿಂತರೂ ಇಬ್ಬರಿಗೂ ಲಾಭ.

ಈಗ 1.2ರಲ್ಲಿ 0.89 ಕಳೆಯಿರಿ: 0.31. ಇದರ ಕೆಳಗೆ ಗೀಟು ಎಳೆಯಿರಿ. ಹಡಗಿನ ಬಾಡಿಗೆ, ಬಂದರಿನ ಖರ್ಚು, ಸುಂಕ ಎಲ್ಲ ಸೇರಿ ಇದನ್ನು ಮೀರಿದರೆ ವ್ಯಾಪಾರ ಮುಗಿಯಿತು. ಪಠ್ಯಪುಸ್ತಕಗಳು ಸಾಗಣೆ ವೆಚ್ಚ ಇಲ್ಲವೆಂದು ಊಹಿಸಿಕೊಂಡು ಮುಂದೆ ಹೋಗಿಬಿಡುತ್ತವೆ. ಸುತ್ತ ಸಮುದ್ರ ಇರುವವರಿಗೆ ಆ ಊಹೆ ನಡೆಯುವುದಿಲ್ಲ.

ಇನ್ನು ಕೆರಿಬಿಯನ್. 1973ರ ಚಾಗುರಾಮಾಸ್ ಒಪ್ಪಂದದಿಂದ ಅಲ್ಲಿನ ದೇಶಗಳ ಒಕ್ಕೂಟ ಕ್ಯಾರಿಕಾಮ್ ಹುಟ್ಟಿತು. ಮೊದಲು ಸೇರಿದವರು ಬಾರ್ಬಡೋಸ್, ಗಯಾನಾ, ಜಮೈಕಾ, ಟ್ರಿನಿಡಾಡ್ ಮತ್ತು ಟೊಬೇಗೊ. (ಗಯಾನಾ ದ್ವೀಪವೇ ಅಲ್ಲ, ಯಾರಾದರೂ ಕೇಳಿಯೇ ಕೇಳುತ್ತಾರೆ, ತಯಾರಿರಿ.) ಪ್ರತಿ ಸದಸ್ಯ ದೇಶದ ಎದುರು ಅದು ಏನು ಮಾರುತ್ತದೆ ಎಂದು ಬರೆಯುತ್ತ ಹೋಗಿ. ಸೇಂಟ್ ಲೂಸಿಯಾ, ಡೊಮಿನಿಕಾ, ಸೇಂಟ್ ವಿನ್ಸೆಂಟ್ ಮೂರೂ ಬಹುಕಾಲ ಬ್ರಿಟನ್ನಿಗೆ ಬಾಳೆಹಣ್ಣು ಕಳಿಸಿದವು. ಪ್ರವಾಸಿಗರನ್ನೂ ಎಲ್ಲರೂ ಕರೆಯುತ್ತಾರೆ. ಅನುಪಾತಗಳು ಹತ್ತಿರ ಹತ್ತಿರ ಇದ್ದ ಮೇಲೆ ಅಂತರ ಎಲ್ಲಿಂದ ಬರಬೇಕು? ನಮ್ಮಲ್ಲೇ ನೋಡಿ, ಎರಡೂ ಕರಾವಳಿಯ ಊರು: ಅಂಕೋಲೆಯ ಮೀನನ್ನು ಕುಮಟೆಗೆ ತಂದು ಮಾರಿದರೆ ಡೀಸೆಲ್ ಖರ್ಚೂ ಹುಟ್ಟದು. ದೇವಿಮನೆ ಘಾಟಿ ಹತ್ತಿಸಿ ಶಿರಸಿಗೆ ಒಯ್ದರೆ ಬೇರೆ ಮಾತು, ಇಳಿಯುವಾಗ ಗಾಡಿಗೆ ಅಡಿಕೆಯೋ ಕಾಳುಮೆಣಸೋ ಸಿಗುತ್ತದೆ. ಕ್ಯಾರಿಕಾಮಿನಲ್ಲಿ ಬಹುಕಾಲ ಹಾಗೆ ಬೇರೆಯಾಗಿ ನಿಂತದ್ದು ತೈಲ, ನೈಸರ್ಗಿಕ ಅನಿಲ ಇರುವ ಟ್ರಿನಿಡಾಡ್. ಒಕ್ಕೂಟದೊಳಗಿನ ರಫ್ತಿನಲ್ಲಿ ಅದರದೇ ಮೇಲುಗೈ.

ಒಕ್ಕೂಟದೊಳಗೆ ಸುಂಕ ತೆಗೆದರೆ ಒಳ್ಳೆಯದೇ ಆಗುತ್ತದೆಂದು ಬರೆಯುವ ಮುನ್ನ ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲಿ ಎತ್ತಿದ ಪ್ರಶ್ನೆ ಹಾಕಿಕೊಳ್ಳಿ. ಮನೆಯ ದುಬಾರಿ ಮಾಲಿನ ಜಾಗಕ್ಕೆ ನೆರೆಯವನ ಅಗ್ಗದ್ದು ಬಂತೋ, ಅಥವಾ ಹೊರಗಿನ ಅಗ್ಗದ್ದನ್ನು ಸುಂಕದಿಂದ ತಡೆದು ನೆರೆಯವನ ದುಬಾರಿ ಮಾಲು ತರಿಸಿಕೊಂಡೆವೋ? ಎರಡನೆಯದಾದರೆ ಸರ್ಕಾರದ ಸುಂಕದ ಆದಾಯವೂ ಹೋಯಿತು.

ಕೊನೆಗೆ, ಒಕ್ಕೂಟದ ಎಲ್ಲ ಲಾಭವನ್ನೂ ರಿಕಾರ್ಡೊ ಖಾತೆಗೆ ಜಮಾ ಮಾಡಬೇಡಿ. ಪೂರ್ವ ಕೆರಿಬಿಯನ್ನಿನ ಹಲವು ದ್ವೀಪಗಳು ಒಂದೇ ಡಾಲರ್ ಬಳಸುತ್ತವೆ. 1976ರಿಂದ ಒಂದು ಅಮೆರಿಕನ್ ಡಾಲರಿಗೆ ಅದರ ದರ 2.70. 1983ರಿಂದ ಕೇಂದ್ರ ಬ್ಯಾಂಕೂ ಒಂದೇ. ಔಷಧಿಯನ್ನೂ ಒಟ್ಟಾಗಿ ಕೊಳ್ಳುತ್ತವೆ, ಚಿಲ್ಲರೆಯಾಗಿ ಕೊಂಡರೆ ಬೆಲೆ ಜಾಸ್ತಿ. ಇದು ಖರ್ಚು ಹಂಚಿಕೊಳ್ಳುವ ಲಾಭ, ನನಗೆ ಕೇಳಿದರೆ ಮಾಲಿನ ವ್ಯಾಪಾರಕ್ಕಿಂತ ದೊಡ್ಡದು. ಬೇರೆ ತಲೆಬರಹ ಕೊಟ್ಟು ಬರೆಯಿರಿ, ಒಂದು ಪುಟ ಸಾಕು.