ಬಾಡಿಗೆಗೆ ಕೊಡೋಕೆ ಮನೆ ತಗೊಳ್ತಿದೀರಾ? ಮೊದ್ಲು ಖಾಲಿ ತಿಂಗಳ ಲೆಕ್ಕ ಹಾಕಿ

ತುಂಬಾ ಜನ ಬಾಡಿಗೆ ಇಂಟು ಹನ್ನೆರಡು ಅಂತ ಲೆಕ್ಕ ಹಾಕಿ ಮನೆ ತಗೊಂಡ್ಬಿಡ್ತಾರೆ, ಎಡವೋದು ಅಲ್ಲೇ. ಒಂದೇ ಒಂದು ತಿಂಗಳು ಮನೆ ಖಾಲಿ ಬಿದ್ರೆ ವರ್ಷದ ಬಾಡಿಗೆಲಿ 8 ಪರ್ಸೆಂಟ್‌ಗಿಂತ ಜಾಸ್ತಿ ಹೋಯ್ತು, ಲೋನ್ ಕಂತು ಮಾತ್ರ ನಿಲ್ಲಲ್ಲ.

ಮೊದ್ಲು ಸಾಲದ ವಿಷಯ. 1 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 20 ವರ್ಷ ಅಂತ ಇಟ್ಕೊಳ್ಳಿ. ಕಂತು ತಿಂಗಳಿಗೆ ಹತ್ತತ್ರ 900 ಬರುತ್ತೆ, ಮೊದಲನೇ ಕಂತಲ್ಲಿ 750 ಬಡ್ಡಿಗೇ ಹೋಗಿ ಅಸಲಿಗೆ ಸೇರೋದು ಬರೀ 150, ಪೂರ್ತಿ ತೀರೋ ಹೊತ್ತಿಗೆ 2 ಲಕ್ಷದ 16 ಸಾವಿರದಷ್ಟು ಕಟ್ಟಿರ್ತೀರ. ಬಡ್ಡಿ 11 ಪರ್ಸೆಂಟ್ ಆದ್ರೆ ಅದೇ ಕಂತು 1,030 ದಾಟುತ್ತೆ. ಹಾಗಾಗಿ ಬಾಡಿಗೆನ 11 ತಿಂಗಳಿಗೆ ಮಾತ್ರ ಹಿಡೀರಿ, ಅದ್ರಲ್ಲಿ ತೆರಿಗೆ, ಇನ್ಶೂರೆನ್ಸ್, ರಿಪೇರಿ, ಪೇಂಟಿಂಗ್ ಎಲ್ಲಾ ಕಳೆದು ಉಳಿದಿದ್ದು ಆ ಜಾಸ್ತಿ ಕಂತಿಗೆ ಸಾಕಾಗುತ್ತಾ ನೋಡಿ. ಸಾಕಾಗಲ್ಲ ಅಂದ್ರೆ ಕೈಯಿಂದ ಜಾಸ್ತಿ ಹಾಕಿ ಸಾಲ ಕಮ್ಮಿ ಮಾಡಿ, ಅದೂ ಆಗಲ್ಲ ಅಂದ್ರೆ ಮನೆ ಎಷ್ಟೇ ಚೆನ್ನಾಗಿದ್ರೂ ಬಿಟ್ಬಿಡಿ. ಆರು ತಿಂಗಳ ಕಂತು ಬೇರೆ ಅಕೌಂಟಲ್ಲಿ ಇರ್ಲಿ.

ಜಾಹೀರಾತು ಹಾಕೋಕೆ ಮನೆ ಖಾಲಿ ಆಗ್ಲಿ ಅಂತ ಕಾಯ್ಬೇಡಿ, ಇರೋರು ಬಿಡ್ತೀವಿ ಅಂದ ದಿನಾನೇ ಶುರು ಮಾಡಿ. ಫೋಟೋ ಹಗಲಲ್ಲಿ, ಕರ್ಟನ್ ಸರಿಸಿ, ಮೂಲೇಲಿ ನಿಂತು ಫೋನ್ ಅಡ್ಡ ಹಿಡ್ಕೊಂಡು ತೆಗೀರಿ. ಬಾತ್‌ರೂಮ್ ಫೋಟೋನೂ ಹಾಕಿ, ಇಲ್ಲಾಂದ್ರೆ ಏನೋ ಮುಚ್ಚಿಡ್ತಿದಾರೆ ಅನ್ಸುತ್ತೆ. ಬಾಡಿಗೆ, ಅಡ್ವಾನ್ಸ್, ಮಹಡಿ, ಪಾರ್ಕಿಂಗ್ ಎಲ್ಲಾ ಬರೀರಿ. ಎರಡು ವಾರ ಆದ್ರೂ ಯಾರೂ ನೋಡೋಕೆ ಬರ್ಲಿಲ್ಲ ಅಂದ್ರೆ ಹಠ ಬೇಡ, ಬಾಡಿಗೆ 5 ಪರ್ಸೆಂಟ್ ಇಳಿಸಿದ್ರೆ ವರ್ಷಕ್ಕೆ ಹೋಗೋದು 18 ದಿನದ ಬಾಡಿಗೆ, ಖಾಲಿ ತಿಂಗಳಿಗಿಂತ ಕಮ್ಮಿನೇ.

ಇನ್ನು ಬಾಡಿಗೆದಾರರು. ಮುಖ ನೋಡಿ, ಮಾತು ಕೇಳಿ ಮನೆ ಕೊಡ್ಬೇಡಿ, ಸಂಬಳದ ಪುರಾವೆ ಎಲ್ಲರ ಹತ್ರಾನೂ ಒಂದೇ ಥರ ಕೇಳಿ. ಈಗಿನ ಓನರ್‌ಗಿಂತ ಅದಕ್ಕೂ ಹಿಂದಿನ ಓನರ್‌ಗೆ ಫೋನ್ ಮಾಡಿ, ಯಾಕಂದ್ರೆ ಈಗಿನವರು ಇವ್ರು ಹೋದ್ರೆ ಸಾಕು ಅಂತ ಹೊಗಳ್ತಿರಬಹುದು. ಕೀ ಕೊಡೋ ದಿನ ಇಬ್ರೂ ಸೇರಿ ಒಂದೊಂದೇ ರೂಮ್ ನೋಡಿ, ಗೋಡೆ ಮೇಲಿನ ಮೊಳೆ ತೂತು, ಬಾಗಿಲ ಗೀರು, ಕರೆಂಟ್ ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಅಲ್ಲೇ ಅವ್ರಿಗೂ ಕಳ್ಸಿ. ಬಿಡೋವಾಗ ಅಡ್ವಾನ್ಸ್ ಜಗಳ ಅರ್ಧಕ್ಕರ್ಧ ಇದ್ರಲ್ಲೇ ತಪ್ಪುತ್ತೆ.

ರಿಪೇರಿ ಅಂತ ಫೋನ್ ಬಂದ್ರೆ ಅವತ್ತೇ ಪ್ಲಂಬರ್‌ನ ಕಳ್ಸಿ. ನಮ್ಮನೇಲಿ ಸಿಂಕ್ ಕೆಳಗಿನ ಪೈಪ್ ಸೋರ್ತಿದೆ ಅಂತ ಹೇಳಿದ್ರು, ನಾನು ನಾಳೆ ನಾಡಿದ್ದು ಅಂತ ಮೂರು ವಾರ ತಳ್ಳಿದೆ, ಅಷ್ಟ್ರಲ್ಲಿ ಕೆಳಗಿನ ಕಪಾಟಿನ ಪ್ಲೈವುಡ್ ಉಬ್ಬಿ ಬಾಗ್ಲು ಹಾಕೋಕೇ ಬರ್ತಿರ್ಲಿಲ್ಲ. ಪೈಪ್ ಜೊತೆ ಕಪಾಟನ್ನೂ ಮಾಡಿಸ್ಬೇಕಾಯ್ತು, ಒಂದ್ ದಿನಾನೂ ತಡ ಮಾಡ್ದೆ ಬಾಡಿಗೆ ಕಟ್ತಿದ್ದ ಆ ಫ್ಯಾಮಿಲಿನೂ ಬೇಜಾರಾಗಿ ಹೋದ್ರು. ನನಗೆ ಇವತ್ತಿಗೂ ಅದು ನೋವೇ.

ಅಗ್ರಿಮೆಂಟ್ ಮುಗಿಯೋಕೆ ಎರಡು ತಿಂಗಳು ಇರೋವಾಗ್ಲೇ ನೀವಾಗೇ ಫೋನ್ ಮಾಡಿ ಮುಂದುವರೀತೀರಾ ಅಂತ ಕೇಳಿ, ಬಾಡಿಗೆ ಏರಿಸೋದಿದ್ರೆ ಎಷ್ಟು ಅಂತಾನೂ ಆಗ್ಲೇ ಹೇಳ್ಬಿಡಿ.