ಪಿಕಪ್‌ಗೆ ಹಾಫ್ ಕ್ಲಚ್ ಬಿಡಿಸುವುದು ಹೇಗೆ: ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಶಿಫ್ಟ್ ಕಿಟ್

ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಹಿಂದೆ ಸಿಕ್ಕಿಕೊಂಡು ಹಾಫ್ ಕ್ಲಚ್‌ನಲ್ಲೇ ಏರಿದವರಿಗೆ ಆ ವಾಸನೆ ಗೊತ್ತಿರುತ್ತದೆ. ಕ್ಲಚ್ ಪ್ಲೇಟ್ ಸುಡುವ ವಾಸನೆ. ಡ್ರೈವಿಂಗ್ ಕಲಿಸಿದವರು ಮೊದಲು ಬೈಯುತ್ತಿದ್ದದ್ದೂ ಅದಕ್ಕೇ ಅಲ್ವಾ, ಕಾಲು ತೆಗಿ, ಕಾಲು ತೆಗಿ ಅಂತ.

ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಆದರೆ ಗೇರ್‌ಬಾಕ್ಸ್ ಒಳಗೆ ಕ್ಲಚ್ ಇದೆ, ಒಂದಲ್ಲ, ಹಲವು. ಎಣ್ಣೆಯ ಒತ್ತಡದಿಂದ ಅವು ಹಿಡಿಯುತ್ತವೆ, ಬಿಡುತ್ತವೆ. ಪ್ರತಿ ಸಲ ಗೇರ್ ಬದಲಾದಾಗಲೂ ಅವು ಒಂದು ಕ್ಷಣ ಜಾರಿಕೊಂಡೇ ಹಿಡಿಯುತ್ತವೆ. ಅಂದರೆ ಹಾಫ್ ಕ್ಲಚ್. ಕಾರ್ಖಾನೆಯಿಂದಲೇ ಹಾಗೆ ಬಂದಿರುತ್ತದೆ, ಒಳಗೆ ಕೂತವರಿಗೆ ಗೇರ್ ಬದಲಾದದ್ದು ಗೊತ್ತೇ ಆಗಬಾರದು ಅಂತ. ಬರೀ ಆಫೀಸಿಗೆ ಹೋಗಿ ಬರುವವರಿಗೆ ಅದು ಸರಿ. ಹಿಂದೆ ಟ್ರೇಲರ್ ಕಟ್ಟಿಕೊಂಡು ಬಿಸಿಲಲ್ಲಿ ಎಳೆಯುವ ಪಿಕಪ್‌ಗೆ ಆ ಜಾರಾಟವೇ ಶಾಖ, ಆ ಶಾಖವೇ ಕ್ಲಚ್‌ನ ಸಾವು. ಶಿಫ್ಟ್ ಕಿಟ್ ಮಾಡುವುದು ಇಷ್ಟೇ: ಜಾರುವ ಹೊತ್ತನ್ನು ಕಡಿಮೆ ಮಾಡುತ್ತದೆ. ಗೇರ್ ಬಿದ್ದಾಗ ಬೆನ್ನಿಗೆ ಗುದ್ದು ಸಿಗಲಿ ಅಂತ ಹಾಕುವ ವಸ್ತು ಅಲ್ಲ ಅದು.

ನಮ್ಮ ಕಡೆ ಪಿಕಪ್ ಅಂದರೆ ಬೊಲೆರೊ ಪಿಕಪ್, ಕೈಯಲ್ಲಿ ಹಾಕುವ ಗೇರು. ಹಾಗಾಗಿ ಈ ಕೆಲಸ ಅಲ್ಲಿ ಬರುವುದಿಲ್ಲ. ನಾನಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ಮನೆಗೊಂದು ಆಟೋಮ್ಯಾಟಿಕ್ ಪಿಕಪ್, ಹಳೆಯ ಪಿಕಪ್ ತೆಗೆದುಕೊಂಡು ತಾವೇ ರಿಪೇರಿ ಮಾಡಿಕೊಳ್ಳುವ ಕನ್ನಡದವರೂ ಇದ್ದಾರೆ. ಅವರಿಗಾಗಿ ಇದು. ನನ್ನ ಗಾಡಿ 2004ರ ಷೆವರ್ಲೆ ಸಿಲ್ವರಾಡೊ 1500, ಒಳಗಿರುವುದು 4ಎಲ್60ಇ ಗೇರ್‌ಬಾಕ್ಸ್. 1982ರಲ್ಲಿ ಬಂದ 700ಆರ್4 ಅನ್ನುವ ಗೇರ್‌ಬಾಕ್ಸ್‌ಗೆ ಕಂಪ್ಯೂಟರ್ ಜೋಡಿಸಿ 1993ರಲ್ಲಿ ಇದನ್ನು ಮಾಡಿದರು. ನಾಲ್ಕು ಗೇರು. ಲಕ್ಷಗಟ್ಟಲೆ ಗಾಡಿಗಳಲ್ಲಿ ಇದೆ, ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಗಾಡಿಯಿಂದ ಗೇರ್‌ಬಾಕ್ಸ್ ಇಳಿಸದೆಯೇ ಕಿಟ್ ಹಾಕಬಹುದು. ಇದರಲ್ಲಿ ಮೊದಲು ಸುಟ್ಟುಹೋಗುವುದು ಮೂರು-ನಾಲ್ಕನೇ ಗೇರಿನ ಕ್ಲಚ್, ಅದು ಗೊತ್ತಿರುವ ದೌರ್ಬಲ್ಯ.

ಕಿಟ್ ಕೊಳ್ಳುವ ಮುಂಚೆ

'ಶಿಫ್ಟ್ ಕಿಟ್' ಅನ್ನುವುದು ಟ್ರಾನ್ಸ್‌ಗೊ ಕಂಪನಿಯ ನೋಂದಾಯಿತ ಹೆಸರು. ಈಗ ಜೆರಾಕ್ಸ್ ಅಂದ ಹಾಗೆ ಎಲ್ಲ ಕಂಪನಿಯ ಕಿಟ್‌ಗೂ ಜನ ಅದನ್ನೇ ಹೇಳುತ್ತಾರೆ. ಪೆಟ್ಟಿಗೆ ಚಿಕ್ಕದು. ಒಳಗೆ ಸ್ಪ್ರಿಂಗುಗಳು, ಒಂದೆರಡು ವಾಲ್ವ್, ಚೆಕ್ ಬಾಲ್ (ಎಣ್ಣೆಯ ದಾರಿ ತೆರೆದು ಮುಚ್ಚುವ ಸಣ್ಣ ಗುಂಡು), ಪಿಸ್ಟನ್, ಕೆಲವದರಲ್ಲಿ ಡ್ರಿಲ್ ಬಿಟ್ ಅಥವಾ ಹೊಸ ಪ್ಲೇಟ್ (ಎಣ್ಣೆ ಹರಿಯುವ ತೂತುಗಳಿರುವ ತಗಡು). ಗಾಡಿಯ ವರ್ಷ ನೋಡಿಯೇ ತರಿಸಿ. 1995ರಲ್ಲಿ ಕನ್ವರ್ಟರ್ (ಎಂಜಿನ್‌ನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್ ಮಾಡುವ ರೀತಿ ಬದಲಾಗಿದೆ, 1996ರಲ್ಲಿ ಗೇರ್‌ಬಾಕ್ಸ್‌ನ ಹೊರಗಿನ ಕೇಸೇ ಬದಲಾಗಿದೆ. ಒಂದು ವರ್ಷದ ಪ್ಲೇಟ್ ಇನ್ನೊಂದಕ್ಕೆ ಹೊಂದುತ್ತದೆ ಅಂತ ಅಂದಾಜಿನ ಮೇಲೆ ಹೋಗಬೇಡಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಆಗಲೇ ಜಾರುತ್ತಿರುವ ಗೇರ್‌ಬಾಕ್ಸ್‌ಗೆ ಕಿಟ್ ಔಷಧಿ ಅಲ್ಲ. ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಸುಮ್ನೆ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಒಳಗೆ ಕ್ಲಚ್ ಮುಗಿದಿದೆ. ಎರಡು, ನಾಲ್ಕು ಮತ್ತು ರಿವರ್ಸ್ ಮೂರೂ ಒಟ್ಟಿಗೆ ಹೋಗಿದ್ದರೆ ಒಳಗೆ ಶಕ್ತಿ ದಾಟಿಸುವ ಸನ್ ಶೆಲ್ ಅನ್ನುವ ಲೋಹದ ಭಾಗ ಮುರಿದಿರುವ ಸಾಧ್ಯತೆ ಜಾಸ್ತಿ. ಇವಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ತಾನಾಗಿಯೇ ಎಲ್ಲ ಗೇರೂ ಧಡ್ ಅಂತ ಬೀಳುತ್ತಿದ್ದರೆ ಮೊದಲು ವೈರಿಂಗ್ ನೋಡಿ. ಒತ್ತಡ ನಿಯಂತ್ರಿಸುವ ಸಾಲಿನಾಯ್ಡ್‌ಗೆ (ಕರೆಂಟ್‌ನಿಂದ ಕೆಲಸ ಮಾಡುವ ವಾಲ್ವ್) ಕರೆಂಟ್ ತಪ್ಪಿದರೆ ಒತ್ತಡ ಪೂರ್ತಿ ಏರುತ್ತದೆ, ಗೇರ್ ಬದಲಿಸುವ ಎರಡು ಸಾಲಿನಾಯ್ಡ್‌ಗೂ ತಪ್ಪಿದರೆ ಗಾಡಿ ಮೂರನೇ ಗೇರಿನಲ್ಲೇ ನಿಲ್ಲುತ್ತದೆ. ಗಾಡಿಯ ಕಂಪ್ಯೂಟರ್‌ನಲ್ಲಿ ಪಿ1870 ಅನ್ನುವ ದೋಷದ ಕೋಡ್ ಬಂದಿದ್ದರೆ, ಎಣ್ಣೆ ಹಂಚುವ ವಾಲ್ವ್ ಬಾಡಿಯಲ್ಲಿ ಕನ್ವರ್ಟರ್ ಕ್ಲಚ್‌ನ ವಾಲ್ವ್ ಓಡಾಡುವ ರಂಧ್ರ ಸವೆದಿರಬಹುದು. ಅದನ್ನು ಸರಿಮಾಡುವ ಭಾಗ ನಿಮ್ಮ ಕಿಟ್‌ನಲ್ಲಿದೆಯಾ ನೋಡಿಕೊಳ್ಳಿ.

ಗಾಡಿ ಎತ್ತುವುದು, ಪ್ಯಾನ್ ಇಳಿಸುವುದು

ಗಟ್ಟಿಯಾದ ಸಮ ನೆಲ ಬೇಕು. ಚಕ್ರಗಳಿಗೆ ತಡೆ ಕೊಡಿ, ಜಾಕ್‌ನಲ್ಲಿ ಎತ್ತಿ, ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿ. ಎರಡು ಟನ್‌ಗೂ ಮೇಲ್ಪಟ್ಟ ಗಾಡಿಯ ಕೆಳಗೆ ಬರೀ ಜಾಕ್ ನಂಬಿ ಯಾರೂ ಮಲಗಬಾರದು, ಒಂದು ನಿಮಿಷಕ್ಕೂ. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಗಾಡಿ ಆರಿರಲಿ. ಬಿಸಿ ಎಣ್ಣೆ ಕೈ ಮೇಲೆ ಬಿದ್ದರೆ ಚರ್ಮ ಕಿತ್ತು ಬರುತ್ತದೆ.

ಪ್ಯಾನ್‌ಗೆ, ಅಂದರೆ ಗೇರ್‌ಬಾಕ್ಸ್‌ನ ತಳದಲ್ಲಿರುವ ಎಣ್ಣೆಯ ತಟ್ಟೆಗೆ, 16 ಬೋಲ್ಟ್, 10 ಮಿ.ಮೀ. ಸಾಕೆಟ್. ಎಡಗಡೆ ಗೇರ್ ಕೇಬಲ್‌ನ ಬ್ರಾಕೆಟ್ ಅಡ್ಡ ಬರುತ್ತದೆ, ಅದನ್ನು ಮೊದಲು ಬಿಚ್ಚಿ ಪಕ್ಕಕ್ಕೆ ಸರಿಸಿ. ಕೆಳಗೆ ದೊಡ್ಡ ಟ್ರೇ ಇಟ್ಟು, ಒಂದು ಮೂಲೆಯ ಬೋಲ್ಟುಗಳನ್ನು ಪೂರ್ತಿ ತೆಗೆದು ಉಳಿದವನ್ನು ಸಡಿಲ ಮಾಡಿದರೆ ಪ್ಯಾನ್ ಆ ಕಡೆಗೆ ವಾಲಿ ಎಣ್ಣೆ ನಿಧಾನವಾಗಿ ಇಳಿಯುತ್ತದೆ. ಒಮ್ಮೆಲೇ ಎಲ್ಲ ಬಿಚ್ಚಿದರೆ ಎಣ್ಣೆ ಮುಖದ ಮೇಲೆ.

ಈಗ ನಿಲ್ಲಿ. ಇಡೀ ಕೆಲಸದಲ್ಲಿ ಮುಖ್ಯವಾದ ಐದು ನಿಮಿಷ ಇದೇ. ಪ್ಯಾನ್‌ನೊಳಗೆ ಒಂದು ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಸಹಜ ಸವೆತ. ಕೈಗೆ ಚುಚ್ಚುವಂಥ ಲೋಹದ ಚೂರು ಇದ್ದರೆ, ತಳದಲ್ಲಿ ಕಪ್ಪು ಪುಡಿ ದಪ್ಪಗೆ ಕೂತಿದ್ದರೆ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಕಿಟ್‌ನ ಪೆಟ್ಟಿಗೆ ಒಡೆಯಬೇಡಿ. ವಾಪಸ್ ಕೊಟ್ಟು ಆ ದುಡ್ಡನ್ನು ರೀಬಿಲ್ಡ್‌ಗೆ, ಅಂದರೆ ಗೇರ್‌ಬಾಕ್ಸ್ ಇಳಿಸಿ ಸವೆದದ್ದನ್ನೆಲ್ಲ ಬದಲಿಸುವುದಕ್ಕೆ, ಇಟ್ಟುಕೊಳ್ಳಿ. ಇಷ್ಟು ದೂರ ಬಂದುಬಿಟ್ಟಿದ್ದೇನೆ, ಹಾಕಿಯೇ ಬಿಡೋಣ ಅನ್ನಿಸುತ್ತದೆ, ನನಗೆ ಗೊತ್ತು. ಆದರೆ ಸವೆದ ಕ್ಲಚ್‌ಗೆ ಸ್ಪ್ರಿಂಗ್ ಬದಲಿಸಿದರೆ ಹೊಸ ಮೈ ಬರುವುದಿಲ್ಲ.

ವಾಲ್ವ್ ಬಾಡಿ ಇಳಿಸುವುದು

ಫಿಲ್ಟರ್‌ಗೆ ಬೋಲ್ಟ್ ಇಲ್ಲ, ಕೆಳಗೆ ಎಳೆದರೆ ಬರುತ್ತದೆ. ಅದರ ಸೀಲ್ ಮಾತ್ರ ಮೇಲೆ ಪಂಪ್‌ನಲ್ಲೇ ಕಚ್ಚಿಕೊಂಡು ಉಳಿಯಬಹುದು, ಗೀರು ಬೀಳದ ಹಾಗೆ ತೆಗೆದು ಹೊಸದು ಹಾಕಬೇಕು. ಆಮೇಲೆ ವೈರ್ ಕನೆಕ್ಟರ್‌ಗಳು. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದ ಪ್ಲಾಸ್ಟಿಕ್ ಅದು, ಸ್ವಲ್ಪ ಜೋರು ಮಾಡಿದರೆ ಲಟಕ್ ಅಂತ ಮುರಿಯುತ್ತದೆ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಒಂದೊಂದಾಗಿ ಬಿಚ್ಚಿ.

ವಾಲ್ವ್ ಬಾಡಿ ಅಂದರೆ ಗೇರ್‌ಬಾಕ್ಸ್‌ನ ಎಣ್ಣೆ ಹಂಚುವ ಕಾಲುವೆಗಳ ಜಾಲ. ಗದ್ದೆಗೆ ನೀರು ತಿರುಗಿಸಲು ತೂಬು ಇರುವ ಹಾಗೆ ಇದರೊಳಗೆ ವಾಲ್ವ್‌ಗಳು. ಇದರ ಬೋಲ್ಟುಗಳಿಗೆ 8 ಮಿ.ಮೀ. ಸಾಕೆಟ್, ಆದರೆ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ವಾಲ್ವ್ ಬಾಡಿಯ ಆಕಾರ ಬರೆದು, ಎಲ್ಲಿಂದ ತೆಗೆದದ್ದನ್ನು ಅಲ್ಲೇ ಚುಚ್ಚಿಡುವುದು ನನ್ನ ಅಭ್ಯಾಸ. ಮೊದಲು ಪ್ರೆಷರ್ ಸ್ವಿಚ್, ಶಿಫ್ಟ್ ಮೆತ್ತಗೆ ಮಾಡುವ ಒಂದು-ಎರಡನೇ ಗೇರಿನ ಅಕ್ಯುಮುಲೇಟರ್. ಆಮೇಲೆ ಗೇರ್ ಲಿವರನ್ನು ಅದರ ಜಾಗದಲ್ಲಿ ಹಿಡಿದಿಡುವ ಡಿಟೆಂಟ್ ಸ್ಪ್ರಿಂಗ್. ಗೇರ್ ಲಿವರ್‌ಗೆ ಕೊಂಡಿಯಾಗಿರುವ ಮ್ಯಾನುಯಲ್ ವಾಲ್ವ್‌ನ ಸಣ್ಣ ಲಿಂಕ್ ಬಿಡಿಸಿ, ವಾಲ್ವ್ ಬಾಡಿಯನ್ನು ವಾಲಿಸದೆ, ತುಂಬಿದ ತಟ್ಟೆ ಹಿಡಿದ ಹಾಗೆ ಸಮವಾಗಿ ಇಳಿಸಿ. ಅದರ ಮೇಲ್ಭಾಗದ ಗುಂಡಿಗಳಲ್ಲಿ ಚೆಕ್ ಬಾಲ್‌ಗಳು ಕೂತಿರುತ್ತವೆ.

ಸಾಮಾನ್ಯವಾಗಿ ಏಳು ಗುಂಡುಗಳು ವಾಲ್ವ್ ಬಾಡಿಯಲ್ಲಿ, ಒಂದು ಮೇಲೆ ಕೇಸಿನಲ್ಲಿ. ಒಂದೊಂದೂ ಸುಮಾರು 6 ಮಿ.ಮೀ. ಯಾವ ಗುಂಡಿಯಲ್ಲಿ ಇತ್ತು, ಯಾವುದು ಖಾಲಿ ಇತ್ತು, ಫೋಟೊ ಬೇಕೇ ಬೇಕು. ಮೊದಲ ಸಲ ಮಾಡಿದಾಗ ನಾನು ಪ್ಲೇಟನ್ನು ಅವಸರದಲ್ಲಿ ಎಳೆದುಬಿಟ್ಟೆ. ಕೇಸಿನ ಗುಂಡು ಎಣ್ಣೆಯ ಟ್ರೇಗೆ ಬಿತ್ತು, ಜೊತೆಗೆ ಮೂರು-ನಾಲ್ಕನೇ ಗೇರಿನ ಅಕ್ಯುಮುಲೇಟರ್ ಪಿಸ್ಟನ್ನೂ ಸ್ಪ್ರಿಂಗೂ ಕೆಳಗೆ ಬಂದವು. ಎಣಿಸಿದಾಗ ಒಂದು ಕಡಿಮೆ. ಎಣ್ಣೆಯನ್ನೆಲ್ಲ ಜಾಲರಿಯಲ್ಲಿ ಸೋಸಿ ಹುಡುಕುವಷ್ಟರಲ್ಲಿ ರಾತ್ರಿ ಆಗಿತ್ತು. ಸಿಕ್ಕಿತು, ಪುಣ್ಯ. ಎಣಿಸದೇ ಇದ್ದಿದ್ದರೆ ಹಾಗೇ ಮುಚ್ಚಿಬಿಡುತ್ತಿದ್ದೆ. ಆದ್ದರಿಂದ ಪ್ಲೇಟ್ ತೆಗೆಯುವಾಗ ಒಂದು ಅಂಗೈ ಅದನ್ನು ಕೆಳಗಿನಿಂದ ಮೇಲಕ್ಕೆ ಒತ್ತಿಕೊಂಡಿರಲಿ.

ರಂಧ್ರ ಕೊರೆಯುವಾಗ ಆಸೆ ಬೇಡ

ಸೆಪರೇಟರ್ ಪ್ಲೇಟ್ ಅಂದರೆ ತೂತುಗಳಿರುವ ಉಕ್ಕಿನ ತಗಡು. ಎಣ್ಣೆ ಎಷ್ಟು ಬೇಗ ಕ್ಲಚ್‌ಗೆ ತಲುಪಬೇಕು ಅನ್ನುವುದನ್ನು ಈ ತೂತುಗಳ ಅಳತೆಯೇ ತೀರ್ಮಾನಿಸುತ್ತದೆ. ತೂತು ದೊಡ್ಡದಾದರೆ ಕ್ಲಚ್ ಬೇಗ ತುಂಬಿ ಬೇಗ ಹಿಡಿಯುತ್ತದೆ. ಕಿಟ್‌ನ ಹಾಳೆಯಲ್ಲಿ ಸಾಧಾರಣ ಓಡಾಟಕ್ಕೆ ಇಷ್ಟು, ಎಳೆಯುವ ಗಾಡಿಗೆ ಇಷ್ಟು, ರೇಸಿಗೆ ಇಷ್ಟು ಅಂತ ಅಳತೆ ಕೊಟ್ಟಿರುತ್ತಾರೆ. ಒಂದು ಅಳತೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ನನ್ನ ಮಾತು ಕೇಳಿ, ಮನಸ್ಸು ಎರಡಾದಾಗ ಸಣ್ಣ ಅಳತೆಯನ್ನೇ ಆರಿಸಿ. ಇನ್ನೊಂದು ದಿನ ಪ್ಯಾನ್ ಇಳಿಸಿ ದೊಡ್ಡದು ಮಾಡಬಹುದು. ಕೊರೆದ ತೂತನ್ನು ಚಿಕ್ಕದು ಮಾಡುವುದಕ್ಕೆ ಆಗುವುದಿಲ್ಲ, ಹೊಸ ಪ್ಲೇಟೇ ಗತಿ. ಜಾಸ್ತಿ ಗಟ್ಟಿ ಮಾಡಿದ ಗಾಡಿ ಸಿಗ್ನಲ್‌ನಿಂದ ಹೊರಟಾಗಲೆಲ್ಲ ಧಡ್ ಅನ್ನುತ್ತದೆ. ಆ ಪೆಟ್ಟು ಒಳಗಿನ ಲೋಹದ ಭಾಗಗಳಿಗೂ ಬೀಳುತ್ತದೆ.

ಕೊರೆದ ಮೇಲೆ ಎರಡೂ ಬದಿಯ ಅಂಚು ನುಣ್ಣಗೆ ಉಜ್ಜಿ. ಚೆಕ್ ಬಾಲ್‌ಗಳು ಬಡಿದೂ ಬಡಿದೂ ಪ್ಲೇಟಿನಲ್ಲಿ ಕುಳಿ ಬಿದ್ದಿದ್ದರೆ ಆ ಪ್ಲೇಟನ್ನೇ ಬದಲಿಸಿ.

ಮುಂದಿನದು ಸ್ಪ್ರಿಂಗ್ ಮತ್ತು ಪಿಸ್ಟನ್. ಅಕ್ಯುಮುಲೇಟರ್ ಅನ್ನುವುದು ಸ್ಪ್ರಿಂಗ್ ಮೇಲೆ ಕೂತ ಪಿಸ್ಟನ್. ಕ್ಲಚ್‌ಗೆ ಹೋಗುವ ಎಣ್ಣೆಯಲ್ಲಿ ಒಂದಿಷ್ಟನ್ನು ಅದು ತಾನು ನುಂಗಿ ಶಿಫ್ಟನ್ನು ಮೆತ್ತಗೆ ಮಾಡುತ್ತದೆ. ಕಿಟ್‌ನಲ್ಲಿ ಬರುವ ಸ್ಪ್ರಿಂಗ್ ಗಡುಸು, ನುಂಗುವುದು ಕಡಿಮೆ. ಹಳೆಯ ಪ್ಲಾಸ್ಟಿಕ್ ಪಿಸ್ಟನ್ ಬಿರುಕು ಬಿಟ್ಟಿರುವುದು ಬಹಳ ಸಾಮಾನ್ಯ, ಕಿಟ್ ಜೊತೆ ಅಲ್ಯೂಮಿನಿಯಂ ಪಿಸ್ಟನ್ ಕೊಟ್ಟಿದ್ದರೆ ಅದನ್ನೇ ಹಾಕಿ. ವಾಲ್ವ್ ಬಾಡಿಯ ವಾಲ್ವ್‌ಗಳನ್ನು ಒಂದು ಸಲಕ್ಕೆ ಒಂದೇ ಸಾಲು ಬಿಚ್ಚಿ, ತೊಳೆದು, ಅದನ್ನು ಮುಚ್ಚಿದ ಮೇಲೆ ಇನ್ನೊಂದಕ್ಕೆ ಕೈಹಾಕಿ. ಶುದ್ಧವಾದ ವಾಲ್ವ್ ತನ್ನ ತೂಕಕ್ಕೇ ಸರ್ರನೆ ಜಾರಬೇಕು. ಒರೆಸಲು ಹತ್ತಿ ಬಟ್ಟೆ ಬೇಡ, ಒಂದು ನೂಲಿನ ಎಳೆ ಸಾಕು ವಾಲ್ವ್ ಸಿಕ್ಕಿಹಾಕಿಕೊಳ್ಳುವುದಕ್ಕೆ.

ತಿರುಗಿ ಜೋಡಿಸುವುದು

ಗ್ಯಾಸ್ಕೆಟ್ ಎರಡು. 'ಸಿ' ಅಂತ ಅಚ್ಚಾಗಿರುವುದು ಕೇಸಿನ ಕಡೆಗೆ, 'ವಿ' ಇರುವುದು ವಾಲ್ವ್ ಬಾಡಿ ಕಡೆಗೆ. ಅದಲುಬದಲಾದರೆ ಕಾಲುವೆಗಳೇ ಮುಚ್ಚಿಹೋಗುತ್ತವೆ. ಕೇಸಿನ ಚೆಕ್ ಬಾಲನ್ನೂ ಅಕ್ಯುಮುಲೇಟರ್ ಪಿಸ್ಟನ್ನನ್ನೂ ಮೇಲೆ ನಿಲ್ಲಿಸಲು ವ್ಯಾಸಲಿನ್ ಹಚ್ಚಿ. ಗ್ರೀಸ್ ಬೇಡ, ಅದು ಎಣ್ಣೆಯಲ್ಲಿ ಕರಗದೆ ಸಣ್ಣ ತೂತುಗಳನ್ನು ಕಟ್ಟುತ್ತದೆ.

ಬೋಲ್ಟುಗಳನ್ನು ಮೊದಲು ಕೈಯಲ್ಲೇ ಹಾಕಿ, ನಡುವಿನಿಂದ ಹೊರಗೆ ಸುತ್ತುತ್ತಾ 8 ಅಡಿ-ಪೌಂಡ್‌ಗೆ, ಅಂದರೆ 11 ನ್ಯೂಟನ್-ಮೀಟರ್‌ಗೆ ಬಿಗಿ ಮಾಡಿ. ತುಂಬಾ ಕಡಿಮೆ ಅನ್ನಿಸುತ್ತದೆ, ಆದರೆ ಅಲ್ಯೂಮಿನಿಯಂ ವಾಲ್ವ್ ಬಾಡಿಯನ್ನು ಜಾಸ್ತಿ ಬಿಗಿದರೆ ಅದು ಸೊಟ್ಟಗಾಗಿ ವಾಲ್ವ್ ಹಿಡಿದುಕೊಳ್ಳುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರಿಂದಲಾದರೂ ಕೇಳಿ ತನ್ನಿ. ಮ್ಯಾನುಯಲ್ ವಾಲ್ವ್‌ನ ಲಿಂಕ್ ಮತ್ತೆ ಸಿಕ್ಕಿಸಿದ್ದೀರಾ, ಮರೆಯದೆ ನೋಡಿ. ಅದು ಬಿಟ್ಟುಹೋದರೆ ಲಿವರ್ ಓಡಾಡುತ್ತದೆ, ಗೇರ್ ಬದಲಾಗುವುದಿಲ್ಲ. ಹೊಸ ಫಿಲ್ಟರ್ ತರುವಾಗ ನಿಮ್ಮದು ಆಳದ ಪ್ಯಾನೋ ಚಪ್ಪಟೆ ಪ್ಯಾನೋ ನೋಡಿ ತನ್ನಿ, ಎರಡಕ್ಕೂ ಬೇರೆ ಬೇರೆ. ಪ್ಯಾನ್ ಬೋಲ್ಟಿಗೂ ಅದೇ 11 ನ್ಯೂಟನ್-ಮೀಟರ್.

ಡೆಕ್ಸ್‌ರಾನ್ 6 ಎಣ್ಣೆ, ಸುಮಾರು ನಾಲ್ಕೂಮುಕ್ಕಾಲು ಲೀಟರ್ ಬೇಕಾಗುತ್ತದೆ. ಮೊದಲು ನಾಲ್ಕು ಲೀಟರ್ ಹಾಕಿ, ಬ್ಯಾಟರಿ ಜೋಡಿಸಿ, ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿಕೊಂಡೇ ಲಿವರನ್ನು ಎಲ್ಲ ಗೇರಿಗೂ ಒಂದೊಂದು ಕ್ಷಣ ತನ್ನಿ. ಉಳಿದದ್ದನ್ನು ಡಿಪ್‌ಸ್ಟಿಕ್ ನೋಡುತ್ತಾ ತುಂಬಿಸಿ. ಕೊನೆಯ ಲೆಕ್ಕ ಗಾಡಿ ಪೂರ್ತಿ ಬಿಸಿಯಾದ ಮೇಲೆ, ಸಮ ನೆಲದಲ್ಲಿ, ಎಂಜಿನ್ ಓಡುತ್ತಿರುವಾಗ, ಪಾರ್ಕ್‌ನಲ್ಲಿ ನೋಡಬೇಕು.

ಮೊದಲ ದಿನ ಶಿಫ್ಟ್ ವಿಚಿತ್ರ ಅನ್ನಿಸಿದರೆ ಗಾಬರಿ ಬೇಡ. ಗಾಡಿಯ ಕಂಪ್ಯೂಟರ್ ಹಳೆಯ ಜಾರಾಟಕ್ಕೆ ತಕ್ಕಂತೆ ಒತ್ತಡ ಕಲಿತಿಟ್ಟುಕೊಂಡಿರುತ್ತದೆ. ಸ್ಕ್ಯಾನ್ ಟೂಲ್ ಇದ್ದರೆ ಆ ಕಲಿಕೆ ಅಳಿಸಿ, ಇಲ್ಲದಿದ್ದರೆ ಕೆಲವು ದಿನ ಹಗುರವಾಗಿ ಓಡಿಸಿ, ತಾನೇ ಹೊಸದಾಗಿ ಕಲಿಯುತ್ತದೆ. ಅಲ್ಲಿಯವರೆಗೆ ಟ್ರೇಲರ್ ಕಟ್ಟಬೇಡಿ. ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಒಂದು ರಟ್ಟು ಹಾಸಿ ಹನಿ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಎಣ್ಣೆ ಎಲ್ಲಿಂದ ಇಳಿಯುತ್ತಿದೆ ಅಂತ ಗುರುತು ಮಾಡಿ, ಅಲ್ಲಿನ ಬೋಲ್ಟುಗಳಿಗೆ ಮತ್ತೆ ಅದೇ 11 ನ್ಯೂಟನ್-ಮೀಟರ್‌ಗೆ ಟಾರ್ಕ್ ರೆಂಚ್ ಹಾಕಿ.